ಬಾಗಿಲ ಮುಂದಿನ ಹತ್ತನೇ ನಂಬರ್ ಬೂಟು

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ನನಗೆ ಬುದ್ಧಿ ಹೇಳಲು ಕಾದಿರುವವರು ಈಗೀಗ ಬಹಳ ಮಂದಿ. ಫೋನು ತೆರೆದರೆ ಸಾಕು, ಒಬ್ಬಾಕೆ ಈರುಳ್ಳಿ ಹೆಚ್ಚುವಾಗ ಬಾಯಲ್ಲಿ ನೀರು ತುಂಬಿಕೊಳ್ಳಿ, ಕಣ್ಣು ಉರಿಯುವುದಿಲ್ಲ ಎನ್ನುತ್ತಾಳೆ. ಇನ್ನೊಬ್ಬ, ಎದ್ದ ಕೂಡಲೇ ಹೊದಿಕೆ ಮಡಚಿಟ್ಟವನು ಜೀವನದಲ್ಲಿ ಗೆದ್ದೇ ಗೆಲ್ಲುತ್ತಾನೆ ಎನ್ನುತ್ತಾನೆ. ನಾನು ಚಿಕ್ಕಂದಿನಿಂದಲೂ ಎದ್ದ ಕೂಡಲೇ ಹೊದಿಕೆ ಮಡಚಿಡುತ್ತಾ ಬಂದವಳು. ಗೆದ್ದದ್ದು ಏನು ಎಂದು ಆತನೇ ಬಂದು ನನ್ನ ಬಾಡಿಗೆ ಮನೆಯಲ್ಲಿ ಹುಡುಕಿ ತೋರಿಸಬೇಕು.

ಇಂಥ ಸಲಹೆಗಳ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅದಕ್ಕೆ ಕಾರಣ ಅಮ್ಮ. ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದ ಕಾಲದಲ್ಲಿ ಅಮ್ಮ ವಾರಪತ್ರಿಕೆಗಳ ಮೂಲೆಯಲ್ಲಿ ಬರುತ್ತಿದ್ದ ಗೃಹಿಣಿಯರ ಕಿವಿಮಾತುಗಳನ್ನು ಒಂದೂ ಬಿಡದೆ ಓದಿ ನಮ್ಮ ಮೇಲೆ ಪ್ರಯೋಗಿಸುತ್ತಿದ್ದಳು. ಹಾಲಿನ ಪಾತ್ರೆಗೆ ಗಾಜಿನ ಗೋಲಿ ಹಾಕಿದರೆ ಹಾಲು ಉಕ್ಕುವುದಿಲ್ಲ ಎಂದು ಯಾರೋ ಬರೆದಿದ್ದರು. ಅಮ್ಮ ನನ್ನ ತಮ್ಮನ ಗೋಲಿ ಡಬ್ಬಿಗೆ ಕೈಹಾಕಿದಳು. ಹಾಲು ಎಂದಿನಂತೆ ಉಕ್ಕಿತು. ಗೋಲಿ ಅಪ್ಪನ ಕಾಫಿ ಲೋಟದ ತಳದಿಂದ ಅವರ ಬಾಯಿಗೆ ಜಾರಿತು. ಅಪ್ಪ ಅದನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದರು, ತಮ್ಮ, "ಅದು ನಂದು!" ಎಂದು ಕಿತ್ತುಕೊಂಡ. ಅಂದಿನಿಂದ ಅಪ್ಪ ಯಾವುದೇ ಲೋಟವನ್ನು ಒಮ್ಮೆ ಅಲ್ಲಾಡಿಸಿಯೇ ಕುಡಿಯುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ. ನೆಂಟರ ಮನೆಯಲ್ಲಿ ನೀರು ಕೊಟ್ಟರೂ ಒಮ್ಮೆ ಅಲ್ಲಾಡಿಸುತ್ತೇನೆ, ಅವರು ಮುಖ ಮುಖ ನೋಡಿಕೊಳ್ಳುತ್ತಾರೆ.

ನನ್ನ ಉದ್ಯೋಗವೂ ಅಂಥದ್ದೇ. ವಾಹನ ವಿಮೆಯ ಕಚೇರಿಯೊಂದರಲ್ಲಿದ್ದೇನೆ. ಗುದ್ದಿಸಿಕೊಂಡ ಕಾರು, ಸ್ಕೂಟರುಗಳನ್ನು ಹೋಗಿ ನೋಡಿ, ಮಾಲೀಕರು ಹೇಳುವ ಕಥೆಗೂ ಗಾಡಿಯ ಮೇಲಿನ ಗಾಯಕ್ಕೂ ತಾಳೆಯಾಗುತ್ತದೆಯೇ ಎಂದು ಬರೆದುಕೊಡುವುದು ಕೆಲಸ. ಒಮ್ಮೆ ನಾಯಂಡಹಳ್ಳಿಯ ಗ್ಯಾರೇಜಿನಲ್ಲಿ ಒಬ್ಬರು, "ದನ ಅಡ್ಡ ಬಂತು ಮೇಡಂ, ಪಾಪ ಅಂತ ಬ್ರೇಕ್ ಹಾಕ್ದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕಾರಿನ ಬಾಗಿಲಿಗೆ ಉದ್ದಕ್ಕೂ ಹಳದಿ ಬಣ್ಣ ಮೆತ್ತಿತ್ತು. "ದನಕ್ಕೆ ಹಳದಿ ಪೇಂಟ್ ಹೊಡೆದಿದ್ರಾ ಸಾರ್?" ಎಂದೆ. ಒಟ್ಟಿನಲ್ಲಿ ಅನುಮಾನಪಡುವುದಕ್ಕೇ ನನಗೆ ಸಂಬಳ. ಇಷ್ಟೆಲ್ಲ ಇದ್ದೂ ಫೋನಿನ ಒಂದು ಸಲಹೆಯನ್ನು ನಂಬಿ, ಆರಡಿ ಎತ್ತರದ ಒಬ್ಬ ಗಂಡಸನ್ನು ಮನೆಗೆ ತಂದುಕೊಂಡ ಕಥೆಯನ್ನು ನಿಮಗೆ ಹೇಳಬೇಕು.

ನನಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ಯಾಕಾಗಲಿಲ್ಲ ಎಂಬುದಕ್ಕೆ ಬೇರೆಯವರ ಬಳಿ ಇರುವಷ್ಟು ಕಾರಣಗಳು ನನ್ನ ಬಳಿ ಇಲ್ಲ. ವಿಜಯನಗರದಲ್ಲಿ ಗೆಳತಿಯೊಬ್ಬಳ ಜೊತೆ ಮನೆ ಮಾಡಿದ್ದೆ. ಅವಳಿಗೆ ವರ್ಗವಾದ ಮೇಲೆ ಬಸವೇಶ್ವರನಗರದಲ್ಲಿ ಮಹಡಿ ಮನೆಯೊಂದು ಸಿಕ್ಕಿತು. ಕೆಳಗೆ ಮನೆಯ ಒಡತಿ ಜಯಮ್ಮ ಆಂಟಿ, ಮೇಲೆ ನಾನು, ಹೊರಗಿನಿಂದ ನನ್ನ ಬಾಗಿಲಿಗೆ ಬೇರೆ ಮೆಟ್ಟಿಲು, ಅದರ ಬುಡದಲ್ಲಿ ಕೆಳಮನೆಯ ಸೀರೆ ಶರ್ಟುಗಳು ಒಣಗುವ ತಂತಿ. ಅರವತ್ತು ದಾಟಿದ ಆಂಟಿ ಗಟ್ಟಿ ಹೆಂಗಸು. ಅವರ ಯಜಮಾನರು ಬಳ್ಳಾರಿ ಕಡೆ ಕಂಟ್ರಾಕ್ಟ್ ಕೆಲಸದಲ್ಲಿದ್ದು ಆಗಾಗ ಬಂದು ಹೋಗುತ್ತಾರೆ ಎಂದು ಮೊದಲ ದಿನವೇ ತಿಳಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ತಿಳಿಸಿದರು.

"ನೋಡಮ್ಮ ಶೈಲಾ, ಒಬ್ಳೇ ಇರ್ತೀಯ, ಇರು. ಆದ್ರೆ ಫ್ರೆಂಡು ಗಿಂಡು ಅಂತ ಗಂಡಸ್ರು ಬಂದು ಹೋಗೋದೆಲ್ಲ ನಮ್ಮನೇಲಿ ಆಗಲ್ಲ. ಎದುರುಗಡೆ ರಂಗಪ್ಪನೋರ ಕಣ್ಣು ಇಪ್ಪತ್ನಾಲ್ಕು ಗಂಟೆ ಇಲ್ಲೇ ಇರುತ್ತೆ."

ರಂಗಪ್ಪನವರು ಎದುರು ಮನೆಯ ನಿವೃತ್ತರು. ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಅವರು ಪೇಪರಿನ ಹಾಳೆ ತಿರುವಿದ್ದನ್ನು ನಾನು ಕಂಡಿಲ್ಲ.

ಒಂದು ಸಂಜೆ ಊಟದ ಪೊಟ್ಟಣ ತಂದ ಡೆಲಿವರಿ ಹುಡುಗ, ಉತ್ತರ ಕರ್ನಾಟಕದ ಕಡೆಯವನು, ಪಾಪ ಸಹಜವಾಗಿಯೇ, "ಒಬ್ರೇ ಇರ್ತೀರೇನ್ರಿ ಅಕ್ಕಾರ? ದಿನಾ ಒಂದ ಊಟ ಬರ್ತೈತಿ" ಎಂದ. "ಇಲ್ಲಪ್ಪ, ಮನೇಲಿ ಎಲ್ಲಾ ಇದಾರೆ" ಎಂದು ಬಾಗಿಲು ಹಾಕಿಕೊಂಡೆ. ಹಾಕಿಕೊಂಡ ಮೇಲೆ ಒಳಗೆ ಒಂಥರಾ ಆಯಿತು. ಊಟದ ಲೆಕ್ಕದಲ್ಲೇ ನಾನು ಒಂಟಿ ಎಂದು ಒಬ್ಬನಿಗೆ ತಿಳಿದರೆ, ಹಾಲಿನವನಿಗೆ, ಗ್ಯಾಸಿನವನಿಗೆ, ನೀರಿನ ಕ್ಯಾನಿನವನಿಗೆ ತಿಳಿಯದೇ ಇರುತ್ತದೆಯೇ? ನಾನು ಯೋಚಿಸಿದ್ದು ಫೋನಿಗೂ ಕೇಳಿಸಿತೋ ಏನೋ, ಮಾರನೆಯ ದಿನವೇ ಒಂದು ವಿಡಿಯೋ ಬಂತು. ಒಂಟಿಯಾಗಿರುವ ಮಹಿಳೆಯರಿಗೆ ಸುರಕ್ಷತೆಯ ಟಿಪ್ಸ್. ಬಾಗಿಲ ಹೊರಗೆ ಒಂದು ಜೊತೆ ದೊಡ್ಡ ಗಂಡಸರ ಬೂಟು ಇಡಿ. ಯಾರಾದರೂ ಬೆಲ್ ಮಾಡಿದರೆ ಬಾಗಿಲು ತೆಗೆಯುವ ಮುನ್ನ ಒಳಗೆ ತಿರುಗಿ, "ರೀ, ಯಾರೋ ಬಂದಿದಾರೆ ನೋಡಿ" ಎಂದು ಜೋರಾಗಿ ಹೇಳಿ.

ನಾನು ನಕ್ಕೆ. ಅದೇ ಶನಿವಾರ ವಿಜಯನಗರದ ಮಾರ್ಕೆಟ್ಟಿಗೂ ಹೋದೆ.

"ಯಾವ ಸೈಜು ಮೇಡಂ?" ಅಂಗಡಿಯವನು ಕೇಳಿದ.

ಅದನ್ನು ನಾನು ಯೋಚಿಸಿರಲೇ ಇಲ್ಲ. "ದೊಡ್ಡದು" ಎಂದೆ.

"ದೊಡ್ಡದು ಅಂದ್ರೆ? ಸಾರು ಎಷ್ಟು ಎತ್ತರ ಇದಾರೆ?"

"ಆರಡಿ" ಎಂದೆ. ಕೊಡುವುದು ಅಷ್ಟೇ ದುಡ್ಡಾದರೆ ಎತ್ತರದವನೇ ಇರಲಿ.

"ಹಂಗಾದ್ರೆ ಹತ್ತನೇ ನಂಬರ್ ಬೇಕಾಗುತ್ತೆ. ಆಫೀಸಿಗೆ ಹಾಕ್ತಾರಾ, ಫೀಲ್ಡ್ ಕೆಲ್ಸನಾ?"

"ಸ್ವಲ್ಪ ಒರಟು ಮನುಷ್ಯ" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅಂಗಡಿಯವನು ದಪ್ಪ ಅಟ್ಟೆಯ ಕಪ್ಪು ಲೇಸ್ ಬೂಟು ತೆಗೆದ. "ಸರಿ ಹೋಗ್ಲಿಲ್ಲ ಅಂದ್ರೆ ಸಾರನ್ನೇ ಕರ್ಕೊಂಡ್ ಬನ್ನಿ, ಬೇರೆ ಕೊಡ್ತೀನಿ" ಎಂದು ಚೀಲಕ್ಕೆ ಹಾಕಿಕೊಟ್ಟ.

ಬೂಟುಗಳನ್ನು ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟೆ. ಹೊಸ ಹೊಳಪು ಕಂಡು ಯಾರಿಗಾದರೂ ಸಂಶಯ ಬಂದೀತೆಂದು ಹೂಕುಂಡದ ಮಣ್ಣು ಸವರಿದೆ. ದೂರ ನಿಂತು ನೋಡಿದೆ. ನಿಜಕ್ಕೂ ಯಾರೋ ಒಳಗಿದ್ದಾರೆ ಎನಿಸಿ ನಾನೇ ಸೀರೆಯ ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಎರಡನೆಯ ಸಲಹೆ ಮಾತ್ರ ಕೈಕೊಟ್ಟಿತು. ಕೊರಿಯರಿನವನು ಬೆಲ್ ಮಾಡಿದಾಗ ಒಳಗೆ ತಿರುಗಿ, "ರೀ..." ಎಂದೆ. ಧ್ವನಿ ಅಷ್ಟಕ್ಕೇ ನಿಂತಿತು. ಜೀವನದಲ್ಲಿ ಆ ಶಬ್ದದಿಂದ ನಾನು ಯಾರನ್ನೂ ಕರೆದಿರಲಿಲ್ಲ. ಖಾಲಿ ಅಡುಗೆಮನೆ ನನ್ನನ್ನೇ ನೋಡುತ್ತಿತ್ತು. ಬಾಗಿಲು ತೆಗೆದು, ಬೇರೆ ಯಾರದೋ ಸಹಿ ಹಾಕುವವಳ ಹಾಗೆ ಅವಸರದಲ್ಲಿ ಗೀಚಿ ಕೊಟ್ಟೆ. ಆಮೇಲೆ ಆ ಗೊಡವೆಗೆ ಹೋಗಲಿಲ್ಲ. ನನ್ನ ಆರಡಿಯ ಮನುಷ್ಯ ಮೌನಿಯಾಗಿಯೇ ಇರಲಿ ಎಂದು ತೀರ್ಮಾನಿಸಿದೆ.

ಕಳ್ಳರು ಬೂಟು ನೋಡಿದರೋ ಇಲ್ಲವೋ ತಿಳಿಯದು, ಬೀದಿಯಂತೂ ನೋಡಿತು. ದಿನವೂ ತಲೆ ಆಡಿಸುತ್ತಿದ್ದ ರಂಗಪ್ಪನವರು ಆಡಿಸುವುದನ್ನು ನಿಲ್ಲಿಸಿದರು. ಒಂದು ಬೆಳಿಗ್ಗೆ ಗೇಟಿನ ಬಳಿ ಅಡ್ಡ ಬಂದು, "ಮನೇಲಿ ನೆಂಟರು ಬಂದಿರೋ ಹಂಗಿದೆ?" ಎಂದರು.

"ಹೌದು ಸಾರ್."

"ಜಾಸ್ತಿ ದಿನ ಇರ್ತಾರೇನೋ?"

"ನೋಡ್ಬೇಕು ಸಾರ್" ಎಂದು ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಕೂತಾಗ ಭಯ ಹತ್ತಿತು. ಕಳ್ಳನಿಂದ ತಪ್ಪಿಸಿಕೊಳ್ಳಲು ಹೋಗಿ ಮನೆಯನ್ನೇ ಕಳೆದುಕೊಳ್ಳುವ ಹಾಗಾಯಿತಲ್ಲ. ನನ್ನ ವಯಸ್ಸಿನ ಒಂಟಿ ಹೆಂಗಸಿಗೆ ಈ ಕಡೆ ಮನೆ ಸಿಗುವುದು ಎಷ್ಟು ಕಷ್ಟವೆಂದು ಹುಡುಕಿದವರಿಗೇ ಗೊತ್ತು. ಆಂಟಿಯ ಬಳಿ ಹೋಗಿ, "ಅದು ಬರೀ ಬೂಟು, ಒಳಗೆ ಯಾರೂ ಇಲ್ಲ" ಎಂದು ಹೇಳಿಬಿಡೋಣ ಎನಿಸಿತು. ಯಾರಾದರೂ ನಂಬುವ ಮಾತೇ ಅದು? ನನ್ನ ಟೇಬಲಿಗೆ ಅಂಥ ಕಥೆ ಬಂದಿದ್ದರೆ ಕೆಂಪು ಗೆರೆ ಎಳೆದು ವಾಪಸು ಕಳಿಸುತ್ತಿದ್ದೆ.

ಆಂಟಿ ಮಾತ್ರ ಏನೂ ಕೇಳಲಿಲ್ಲ. ಅದೇ ನನಗೆ ಇನ್ನಷ್ಟು ಅನುಮಾನ ತಂದಿತು. ಮುಂಚೆ ತಿಂಡಿ ಏನು, ಆಫೀಸಿಂದ ಯಾಕೆ ತಡ ಎಂದೆಲ್ಲ ವಿಚಾರಿಸುತ್ತಿದ್ದವರು ಈಗ ನನ್ನನ್ನು ಕಂಡರೆ ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕು ಒಳಗೆ ಹೋಗುತ್ತಿದ್ದರು. ಮನೆ ಖಾಲಿ ಮಾಡಿಸಲು ಒಳ್ಳೆಯ ದಿನ ನೋಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಬೂಟುಗಳು ಓಡಾಡಲು ಶುರುಮಾಡಿದವು.

ಒಂದು ಸಂಜೆ ಬಂದು ನೋಡುತ್ತೇನೆ, ಗೋಡೆಯ ಕಡೆ ಮುಖ ಮಾಡಿದ್ದ ಬೂಟುಗಳು ಮೆಟ್ಟಿಲಿನ ಕಡೆ ತಿರುಗಿವೆ. ಕಸ ಗುಡಿಸುವಾಗ ಯಾರೋ ಸರಿಸಿರಬೇಕು ಎಂದುಕೊಂಡೆ. ಎರಡು ದಿನದ ಮೇಲೆ ಒಂದು ಬೂಟು ಇಲ್ಲಿ, ಇನ್ನೊಂದು ಮಗುಚಿಕೊಂಡು ಅಲ್ಲಿ. ಮಳೆ ಬಂದ ಮಾರನೆಯ ದಿನ ಅಟ್ಟೆಗೆ ಕೆಸರು ಹತ್ತಿತ್ತು, ನನ್ನ ಹೂಕುಂಡದ ಮಣ್ಣಲ್ಲ, ಬೀದಿಯ ಕೆಸರು. ಇನ್ನೊಂದು ದಿನ ಒಂದು ಲೇಸು ಬಿಚ್ಚಿತ್ತು. ಬಗ್ಗಿ ನೋಡಿದೆ, ಮೂಸಿಯೂ ನೋಡಿದೆ. ಯಾರೋ ಇದನ್ನು ಹಾಕಿಕೊಂಡು ನಡೆದಿದ್ದಾರೆ. ನಾನಿಲ್ಲದಾಗ, ನನ್ನ ಬಾಗಿಲ ಮುಂದೆ, ಹತ್ತನೇ ನಂಬರಿನ ಕಾಲೊಂದು ಬಂದು ಹೋಗುತ್ತಿದೆ.

ಆ ವಾರವಿಡೀ ನಾನು ಕಂಡ ಗಂಡಸರೆಲ್ಲರ ಕಾಲುಗಳನ್ನೇ ನೋಡಿದೆ. ಹಾಲಿನವನದು ಏಳನೇ ನಂಬರಿನ ಚಪ್ಪಲಿ. ರಂಗಪ್ಪನವರದು ಮಗುವಿನ ಪಾದ. ಗ್ಯಾಸಿನವನ ಕಾಲು ದೊಡ್ಡದಿತ್ತು. ಅವನು ಸಿಲಿಂಡರ್ ಇಳಿಸಿ ಹೋಗುವವರೆಗೂ ಅದರ ಮೇಲೆ ಕಣ್ಣಿಟ್ಟೆ. "ಏನಾದ್ರೂ ತುಳಿದ್ನಾ ಮೇಡಂ?" ಎಂದು ಗಾಬರಿಯಾಗಿ ಕಾಲೆತ್ತಿ ನೋಡಿಕೊಂಡ.

ಮತ್ತೆ ಫೋನಿನ ಮೊರೆಹೋದೆ. ಮನೆಯ ಹತ್ತಿರ ಯಾರು ಬರುತ್ತಾರೆಂದು ತಿಳಿಯಲು ಹೊಸ್ತಿಲ ಮುಂದೆ ಪುಡಿ ಉದುರಿಸಿ, ಹೆಜ್ಜೆ ಮೂಡುತ್ತದೆ ಎಂದು ಒಬ್ಬ ಹೇಳಿದ. ಆಫೀಸಿಗೆ ಹೊರಡುವಾಗ ರಂಗೋಲಿ ಪುಡಿಯನ್ನು ತೆಳ್ಳಗೆ ಚೆಲ್ಲಿ ಹೋದೆ. ಸಂಜೆ ಬಂದರೆ ಹೆಜ್ಜೆಯ ಗುರುತೇ ಇಲ್ಲ. ಚೆಲ್ಲಿದ ಪುಡಿಯನ್ನೆಲ್ಲ ಗುಡಿಸಿ, ಅದೇ ಜಾಗದಲ್ಲಿ ಯಾರೋ ಅಂದವಾದ ಒಂದು ಚುಕ್ಕಿ ರಂಗೋಲಿ ಹಾಕಿದ್ದರು. ಬೂಟುಗಳು ಅದರ ಎರಡು ಪಕ್ಕದಲ್ಲಿ ದ್ವಾರಪಾಲಕರಂತೆ ಕೂತಿದ್ದವು. ರಂಗೋಲಿ ಹಾಕುವ ಹತ್ತನೇ ನಂಬರ್ ಕಾಲಿನ ಕಳ್ಳ! ನನ್ನ ಇಷ್ಟು ವರ್ಷದ ಅನುಭವದಲ್ಲಿ ಇಂಥ ಕೇಸು ಬಂದಿರಲಿಲ್ಲ.

ಮಾರನೆಯ ದಿನ ಆಫೀಸಿಗೆ ಹೊರಟಂತೆ ಮಾಡಿದೆ. ಗೇಟು ಸದ್ದುಮಾಡಿ ಹಾಕಿ, ಬೀದಿ ಸುತ್ತು ಹಾಕಿಕೊಂಡು ಬಂದೆ. ರಂಗಪ್ಪನವರು ತಿಂಡಿಗೆ ಒಳಗೆ ಹೋಗಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ, ಒಳಗಿನಿಂದ ಚಿಲಕ ಹಾಕಿ, ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ನಿಂತೆ. ಕೈಯಲ್ಲಿ ಲಟ್ಟಣಿಗೆ ಇತ್ತು. ಬಹಳ ಹೊತ್ತು ಯಾರೂ ಬರಲಿಲ್ಲ. ಕಾಲು ನೋಯತೊಡಗಿತು. ನನ್ನ ಮನೆಯೊಳಗೇ ನಾನು ಕಳ್ಳಿಯಂತೆ ನಿಂತಿರುವುದು ನೆನೆದು ನಗುವೂ ಬಂತು.

ಆಮೇಲೆ ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದಾಯಿತು. ಬಂದವರು ಜಯಮ್ಮ ಆಂಟಿ. ಕೈಯಲ್ಲಿ ನೀರಿನ ಚೊಂಬು. ಆಚೀಚೆ ನೋಡಿ, ಉಸ್ಸೆಂದು ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ಸೀರೆಯನ್ನು ಕಣಕಾಲಿಗೆ ಎತ್ತಿ, ಕಾಲುಂಗುರದ ಕಾಲುಗಳನ್ನು ಎರಡೂ ಬೂಟಿನೊಳಗೆ ತೂರಿಸಿದರು. ಅಟ್ಟೆಗೆ ನೀರು ಸುರಿದುಕೊಂಡರು. ಗೋಡೆ ಹಿಡಿದು ಎದ್ದು, ಕೆಳಗಿನ ಮೆಟ್ಟಿಲುಗಳಿಗೆ ಇಳಿದು, ಅಲ್ಲಿಂದ ಟಪ್ಪು ಟಪ್ಪೆಂದು ಭಾರವಾಗಿ, ಗಂಡಸರು ಕೆಲಸ ಮುಗಿಸಿ ದಣಿದು ಬರುತ್ತಾರಲ್ಲ ಹಾಗೆ, ಹತ್ತಿ ಬಂದರು. ಒಮ್ಮೆ ಕೆಮ್ಮಿದರು. ಆ ಕೆಮ್ಮೂ ಗಂಡಸಿನದೇ. ಮೆಟ್ಟಿಲಿನ ಮೇಲೆ ಒದ್ದೆ ಬೂಟಿನ ದೊಡ್ಡ ದೊಡ್ಡ ಗುರುತು ಸಾಲಾಗಿ ಮೂಡಿತ್ತು.

ನಾನು ಬಾಗಿಲು ತೆಗೆದೆ.

ಆಂಟಿ ಬೆಚ್ಚಿಬಿದ್ದು ಗೋಡೆಗೆ ಒರಗಿದರು. "ಅಯ್ಯೋ ನಿನ್ನ! ಆಫೀಸಿಗೆ ಹೋಗ್ಲಿಲ್ವೇನೇ? ಎದೆ ಒಡೆದೇ ಹೋಯ್ತು."

"ಆಂಟಿ, ಇದೇನ್ ಮಾಡ್ತಾ ಇದೀರಿ?"

"ನಾನ್ ಕೇಳ್ಬೇಕು. ನಿನ್ ಕೈಲಿ ಲಟ್ಟಣಿಗೆ ಯಾಕೆ?" ಎಂದರು. ಆಮೇಲೆ ಬೂಟು ಕಳಚದೆಯೇ ಮೆಟ್ಟಿಲಿನ ಮೇಲೆ ಕೂತರು. "ಬೂಟು ಇಟ್ರೆ ಆಯ್ತೇನೇ? ಇಟ್ಟ ದಿನದಿಂದ ಒಂದೇ ಕಡೆ ಮುಖ ಮಾಡ್ಕೊಂಡು, ಒಂದರ ಪಕ್ಕ ಒಂದು ಅಂಟಿಸಿದಂಗೆ ಕೂತಿದ್ವು. ಯಾವ ಗಂಡಸು ಬೂಟನ್ನ ಅಷ್ಟು ನೀಟಾಗಿ ಬಿಡ್ತಾನೆ ಹೇಳು? ಕಣ್ಣಿರೋ ಕಳ್ಳ ಯಾವನಾದ್ರೂ ನೋಡಿದ್ರೆ, ಇದು ಹೆಂಗಸು ಇಟ್ಟಿರೋ ಬೂಟು ಅಂತ ಆವತ್ತೇ ಬಾಗಿಲು ಒಡೀತಿದ್ದ."

"ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತಾ?"

"ಕಾಲಿಲ್ಲದ ಬೂಟು ಯಾವುದು ಅಂತ ನಂಗೆ ಗೊತ್ತಾಗಲ್ವಾ? ರಂಗಪ್ಪನೋರು ನನ್ ಪ್ರಾಣ ತಿಂದ್ರು. ಅವಳ ದೊಡ್ಡಮ್ಮನ ಮಗ, ರೈಲ್ವೇಲಿ ಶಿಫ್ಟ್ ಡ್ಯೂಟಿ, ಹೊತ್ತಲ್ಲದ ಹೊತ್ತಲ್ಲಿ ಬಂದು ಹೋಗ್ತಾನೆ ಅಂದೆ. ಹಂಗೆ ಹೇಳಿದ್ಮೇಲೆ ಅವನು ಬಂದು ಹೋಗ್ಬೇಕಲ್ಲ? ಅದಕ್ಕೇ ಅವರು ಕುರ್ಚಿ ಬಿಟ್ಟು ಒಳಗೆ ಹೋದಾಗ ದಿನಾ ನಾನೇ ಬರ್ತಾ ಇದೀನಿ, ಮಳೆ ಬಂದಾಗ ಅಟ್ಟೆಗೆ ಬೀದಿ ಕೆಸರೂ ಮೆತ್ತಿದೀನಿ. ನಿನ್ನೆ ನೀನು ಬಾಗಿಲಲ್ಲಿ ಪುಡಿ ಚೆಲ್ಲಿ ಹೋಗಿದ್ದೆ. ಒಳ್ಳೆ ಪುಡಿ, ಹಾಳಾಗುತ್ತಲ್ಲ ಅಂತ ರಂಗೋಲಿ ಬಿಟ್ಟೆ."

ಆಂಟಿ ಒಂದು ಬೂಟು ಕಳಚಿ, ಅದರೊಳಗಿನ ನೀರನ್ನು ಬಗ್ಗಿಸಿ ಚೆಲ್ಲುತ್ತಾ, ನನ್ನ ಮುಖ ನೋಡದೆ ಹೇಳಿದರು.

"ನಮ್ಮನೆಯವರು ಬಳ್ಳಾರೀಲಿ ಇಲ್ಲ ಕಣೇ. ಇರೋದು ಇಲ್ಲೇ ಕೆಂಗೇರಿ ಕಡೆ. ಬೇರೆ ಸಂಸಾರ. ಮಗಳು ಕಾಲೇಜಿಗೆ ಹೋಗ್ತಿದ್ದಾಗ ಎದ್ದು ಹೋದ್ರು. ಪ್ರತಿ ಶುಕ್ರವಾರ ತಂತಿ ಮೇಲೆ ಶರ್ಟು ಒಣಗುತ್ತಲ್ಲ, ಮೂರು ಶರ್ಟು? ಯಾರೂ ಹಾಕ್ಕೊಳ್ಳಲ್ಲ ಅವನ್ನ. ಒಗೆದು ಒಗೆದು ಬಣ್ಣ ಹೋದ್ರೆ ಹೊಸಾದು ತರ್ತೀನಿ."

"ಯಾರಿಗೂ ಹೇಳ್ಲಿಲ್ವಾ ಆಂಟಿ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಮಾರನೇ ದಿನದಿಂದ ಬೀದಿಗೆ ಬೀದಿಯೇ ಬುದ್ಧಿ ಹೇಳಕ್ಕೆ ಬರುತ್ತೆ. ಹೋಗಿ ಕಾಲಿಗೆ ಬೀಳು ಅಂತಾರೆ, ಕೋರ್ಟಿಗೆ ಹೋಗು ಅಂತಾರೆ, ಸೋಮವಾರ ಒಪ್ಪೊತ್ತು ಮಾಡು ಅಂತಾರೆ. ಕಳ್ಳನಿಗಾದ್ರೆ ಚಿಲಕ ಹಾಕ್ಬೋದು. ಇವರಿಗೆ?"

ಹೀಗೆಂದು ಎದ್ದು, ಬೂಟುಗಳನ್ನು ನೋಡದೆಯೇ ಹಿಂದಕ್ಕೆ ಎಸೆದರು. ಒಂದು ಬಾಗಿಲ ಬಳಿ ಬಿತ್ತು, ಒಂದು ಮೂಲೆಗೆ ಹೋಗಿ ಮಗುಚಿತು. "ಹಂಗಿರ್ಬೇಕು" ಎಂದು ಇಳಿದುಹೋದರು.

ಆ ದಿನ ಆಫೀಸಿಗೆ ಹೋಗಲೇ ಇಲ್ಲ. ಬಂಪರಿನ ಮೇಲಿನ ಗೀರು ನೋಡಿ ಸುಳ್ಳು ಹಿಡಿಯುವವಳು ನಾನು. ಇಷ್ಟು ದಿನ ತಲೆಯ ಮೇಲೆ ತೂಗುತ್ತಿದ್ದ ಮೂರು ಶರ್ಟುಗಳ ಕೆಳಗೆ ಬಗ್ಗಿ ಓಡಾಡಿದ್ದೆ, ಒಂದು ದಿನವಾದರೂ ಇವು ಯಾರವು ಎಂದು ಕೇಳಿಕೊಂಡಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಯಾವ ಮನೆಯ ಮುಂದೆ ಏನು ಕಂಡರೂ ನನಗೆ ಅನುಮಾನ. ಆ ಮೂಲೆ ಮನೆಯ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕದ ಹಿಂದೆ ನಿಜಕ್ಕೂ ನಾಯಿ ಇದೆಯೇ? ರಂಗಪ್ಪನವರ ಪೇಪರು ಇವತ್ತಿನದೇ? ಸಂಜೆಯ ಹೊತ್ತು ಆಂಟಿಯ ಜೊತೆ ಕಾಫಿ ಕುಡಿಯುತ್ತಾ ಇಂಥ ವಿಚಾರಗಳನ್ನು ಮಾತಾಡುವುದು ನಮಗೆ ರೂಢಿಯಾಯಿತು. ಫೋನಿನ ಟಿಪ್ಸುಗಳನ್ನು ಓದಿ ಹೇಳುತ್ತೇನೆ. ಆಂಟಿ ಕೇಳಿ, "ಇದನ್ನ ಹೇಳಿದವನು ಮನೇಲಿ ಒಂದಿನ ಇದ್ದಿದ್ದು ಡೌಟು" ಎನ್ನುತ್ತಾರೆ.

ಹೀಗಿರುವಾಗ ಮೊನ್ನೆ ಒಂದು ಭಾನುವಾರ ಮಧ್ಯಾಹ್ನ, ನಾನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರ ಕಡೆಯ ಮನುಷ್ಯನೊಬ್ಬ ಗೇಟಿನ ಒಳಗೆ ಬಂದು ನಿಂತಿದ್ದ. ಇವನು ಮುಂಚೆಯೂ ಬಂದು ಹೋಗಿದ್ದನೆಂದು ಆಂಟಿ ಹೇಳಿದ್ದರು. ಮನೆ ಆಂಟಿಯ ಹೆಸರಿನಲ್ಲೇ ಇದೆ, ಅವರ ತಂದೆ ಕೊಟ್ಟದ್ದು. ಮಾರುವುದಿಲ್ಲವೆಂದು ಹೇಳಿ ಹೇಳಿ ಸಾಕಾಗಿದ್ದರು.

"ನೋಡಿ ಅಮ್ಮ, ಹೆಂಗಸ್ರ ಹತ್ರ ಇದೆಲ್ಲ ಮಾತಾಡಕ್ಕಾಗಲ್ಲ" ಎಂದು ಅವನು ಧ್ವನಿ ಏರಿಸಿದ. "ಯಜಮಾನ್ರನ್ನ ಕರೀರಿ. ಯಾವಾಗ ಬಂದ್ರೂ ಬಳ್ಳಾರಿ ಅಂತೀರಾ. ಒಂದ್ಸಲನಾದ್ರೂ ನೋಡಿದವರು ಯಾರಾದ್ರೂ ಇದಾರಾ? ಅಸಲಿಗೆ ಆ ಮನುಷ್ಯ ಇದಾರೋ ಇಲ್ವೋ?"

ಎದುರು ಮನೆಯಲ್ಲಿ ಪೇಪರು ಕೆಳಗಿಳಿಯಿತು. ಅಷ್ಟು ವರ್ಷ ಯಾರೂ ಆಂಟಿಯನ್ನು ಹಾಗೆ ನೇರವಾಗಿ ಕೇಳಿರಲಿಲ್ಲವೇನೋ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತುಬಿಟ್ಟರು.

ನಾನು ಖಾಲಿ ಬಕೆಟ್ಟು ಹಿಡಿದು ದಡದಡ ಇಳಿದು ಬಂದೆ. "ಆಂಟಿ, ಏನ್ ಇಲ್ಲಿ ನಿಂತಿದೀರಾ? ಅಂಕಲ್ ಬಚ್ಚಲಿಂದ ಆವಾಗಿಂದ ಕೂಗ್ತಾ ಇದಾರೆ. ಬೆನ್ನು ಉಜ್ಬೇಕಂತೆ. ಸೋಪು ಕಣ್ಣಿಗೆ ಹೋಗಿದೆಯಂತೆ!"

ಆಂಟಿ ನನ್ನನ್ನು ಒಂದು ಕ್ಷಣ ನೋಡಿದರು. ಮರುಕ್ಷಣ, "ಅಯ್ಯೋ ಬಂದೆ, ಬಂದೆ!" ಎನ್ನುತ್ತಾ ಒಳಗೆ ಓಡಿದರು. ನಲ್ಲಿ ತಿರುಗಿಸಿದ ಸದ್ದು, ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಸದ್ದು ಬೀದಿಯವರೆಗೂ ಕೇಳಿಸಿತು.

"ಬೆಳಿಗ್ಗೆ ತಾನೇ ಊರಿಂದ ಬಂದ್ರು ಸಾರ್" ಎಂದೆ ಆ ಮನುಷ್ಯನಿಗೆ. "ಮನೆ ಮಾರೋ ವಿಷಯ ಎತ್ತಿದವ್ರು ಯಾರು ಅಂತ ಕೇಳ್ತಿದ್ರು. ತುಂಬಾ ಸಿಟ್ಟಲ್ಲಿದಾರೆ. ಸ್ನಾನ ಆಗೋವರೆಗೂ ಕೂತಿರ್ತೀರಾ?"

ಅವನು ಕೈಗಡಿಯಾರ ನೋಡಿಕೊಂಡ. ಇನ್ನೊಂದು ದಿನ ಬರುತ್ತೇನೆಂದು ತಿರುಗಿದ. ರಂಗಪ್ಪನವರು ಎದ್ದು ನಿಂತು, "ಯಜಮಾನ್ರು ಬಂದ್ರಾ? ಸಂಜೆ ಸಿಗ್ತೀನಿ ಅಂತ ಹೇಳಮ್ಮ" ಎಂದರು. ಸಂಜೆಯ ಮಾತು ಸಂಜೆಗೆ ಎಂದುಕೊಂಡು ತಲೆಯಾಡಿಸಿದೆ.

ಒಳಗೆ ಹೋದೆ. ಆಂಟಿ ಬಚ್ಚಲುಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸುತ್ತಾ ನಗುತ್ತಿದ್ದರು. ನನ್ನನ್ನು ಕಂಡು ಇನ್ನೂ ಜೋರಾಯಿತು. "ಬೆನ್ನು ಉಜ್ಬೇಕಂತೆ! ಎಲ್ಲಿಂದ ಹೊಳೀತೇ ನಿಂಗೆ?" ಎನ್ನುತ್ತಾ ಕಣ್ಣೊರೆಸಿಕೊಂಡರು. ಒರೆಸಿಕೊಂಡಷ್ಟೂ ಕಣ್ಣು ತುಂಬುತ್ತಲೇ ಇತ್ತು. ನಗು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

"ಈ ಮನೇಲಿ ಇದ್ದಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ದಿನಾನೂ ಬೆನ್ನು ಉಜ್ಜು ಬಾ ಅಂತ ಕರೆದಿರ್ಲಿಲ್ಲ ಕಣೇ" ಎಂದರು.

ಬಕೆಟ್ಟು ತುಂಬಿ ನೀರು ಹೊಸ್ತಿಲಿನವರೆಗೂ ಹರಿದು ಬಂದು ಅವರ ಸೀರೆಯ ಅಂಚನ್ನು ನೆನೆಸುತ್ತಿತ್ತು. ನಾನು ನಲ್ಲಿ ನಿಲ್ಲಿಸಲು ಕೈಚಾಚಿದೆ. ಆಂಟಿ ನನ್ನ ಕೈ ಹಿಡಿದುಕೊಂಡರು.

"ಬಿಡೇ, ಇನ್ನೊಂದ್ ಸ್ವಲ್ಪ ಹೊತ್ತು ಸುರೀಲಿ. ಆ ಅಪಾರ್ಟ್‌ಮೆಂಟಿನವನು ಇನ್ನೂ ಬೀದಿ ದಾಟಿರಲ್ಲ."